ಸ್ವರಯಂತ್ರದ ಚಕ್ರಕದೋಷ

ಆಳಂದ, ಅಫಜಲಪುರ, ಜೇವರ್ಗಿ ಎಂಬ ಮೂರು ತಾಲ್ಲೂಕುಗಳ ಸೀಮೆಯಲ್ಲಿ ಸಂಗೀತವು ಸಭಾಮಂದಿರಗಳಲ್ಲಿ ಬೆಳೆದುದಕ್ಕಿಂತ ಗುಡಿಯ ಕಟ್ಟೆಯ ಮೇಲೂ ಮಠದ ಪಡಸಾಲೆಯಲ್ಲಿಯೂ ಬೆಳೆದುದೇ ಹೆಚ್ಚು. ಅಮರ್ಜಾ ನದಿಯು ಆಳಂದದ ಕಡೆಯಿಂದ ಹರಿದುಬಂದು ಭೀಮೆಯನ್ನು ಕೂಡುವ ಗಾಣಗಾಪುರದಲ್ಲಿ ದತ್ತನ ಭಜನೆಯುಂಟು. ಕಡಕೋಳ ಮಡಿವಾಳಪ್ಪನವರ ಹೆಸರಿನೊಡನೆ ನಡೆದುಬಂದ ತತ್ತ್ವಪದಗಳು ಹಳ್ಳಿಹಳ್ಳಿಗಳಲ್ಲಿ ಉಂಟು. ಮೊಹರಮ್ಮಿನ ದಿನಗಳಲ್ಲಿ ಹಾಡುವ ಪದಗಳು ಹಿಂದೂ ಮುಸಲ್ಮಾನರಿಬ್ಬರ ಬಾಯಲ್ಲಿಯೂ ಉಂಟು. ಇವಕ್ಕೆಲ್ಲ ಮೊದಲು ಏಕತಾರಿ, ದಮ್ಮಡಿ, ತಾಳಗಳೇ ಸಾಕಾಗಿದ್ದುವು. ಬಳಿಕ ಹಾರ್ಮೋನಿಯಮ್ಮು ಬಂದಿತು. ನಮ್ಮ ದೇಶದ ರೇಡಿಯೋ 1940ರಲ್ಲಿ ಅದನ್ನು ಬಹಿಷ್ಕರಿಸಿ ಸುಮಾರು ಮೂರು ದಶಕಗಳ ಕಾಲ ಬಾಗಿಲ ಹೊರಗೆ ನಿಲ್ಲಿಸಿದ್ದರೂ ಭಜನೆಯವರು ಮಾತ್ರ ಅದರ ಕೈಬಿಡಲಿಲ್ಲ.

ಈಗ ಕೆಲವು ವರ್ಷಗಳಿಂದ ಹಾರ್ಮೋನಿಯಮ್ಮಿನ ಪಕ್ಕದಲ್ಲಿ ವಿದ್ಯುತ್ತಿನ ಕೀಬೋರ್ಡು ಬಂದು ಕುಳಿತಿದೆ. ತಿದಿಯೊತ್ತುವ ಶ್ರಮವಿಲ್ಲ, ಒಂದೇ ಪೆಟ್ಟಿಗೆಯಲ್ಲಿ ಕೊಳಲು, ಪಿಟೀಲು, ತಬಲೆಗಳ ಧ್ವನಿಗಳೆಲ್ಲ ಅಡಗಿವೆ. ಸಿಂಥಸೈಜರೆಂಬ ಸ್ವರಯಂತ್ರವು ಇದರ ಹಿರಿಯಣ್ಣ. ಇದಕ್ಕೆ ಒಂದು ಲ್ಯಾಪ್‌ಟಾಪು, ಧ್ವನಿಗಳನ್ನು ಕೂಡಿಸುವ ಒಂದು ಮಿಕ್ಸರು, ಒಂದು ಮೈಕು, ಎರಡು ಸ್ಪೀಕರುಗಳು ಜೊತೆಯಾದುವೆಂದರೆ ಮನೆಯ ಕೋಣೆಯೊಂದು ಧ್ವನಿಮುದ್ರಣಶಾಲೆಯೇ ಆಗುತ್ತದೆ. ಆದರೆ ಯಂತ್ರಗಳು ಹೆಚ್ಚಿದಂತೆ ಅವುಗಳೊಳಗಿನ ಸಂಬಂಧಗಳೂ ಹೆಚ್ಚುತ್ತವೆ. ದೋಷಗಳು ಬಹುಮಟ್ಟಿಗೆ ಆ ಸಂಬಂಧಗಳಲ್ಲಿಯೇ ಹುಟ್ಟುತ್ತವೆ. ಇದನ್ನರಿಯದವರು ವಾದ್ಯವೇ ಕೆಟ್ಟಿತೆಂದು ತಿಳಿದು ಅರ್ಧ ಬೆಲೆಗೆ ಮಾರಿಬಿಡುವುದುಂಟು. ಇಲ್ಲವೆ ಸದ್ದನ್ನಡಗಿಸಲು ಹೋಗಿ ಪ್ರಾಣಕ್ಕೇ ಸಂಚಕಾರ ತಂದುಕೊಳ್ಳುವುದುಂಟು.

ಭೀಮಾತೀರದ ಗ್ರಾಮವೊಂದರಲ್ಲಿ ಇಂಥದೊಂದು ಮನೆಯನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ಮನೆಯ ಹಿರಿಯನಿಗೆ ಎಪ್ಪತ್ತು ದಾಟಿದೆ. ಆತನು ಭಜನಾಮೇಳದ ಮುಖ್ಯ ಗಾಯಕ. ಗುರುವಿನ ಬಾಯಿಂದ ಕಿವಿಗೆ, ಕಿವಿಯಿಂದ ಕಂಠಕ್ಕೆ ಬಂದ ನೂರಾರು ಪದಗಳು ಆತನಲ್ಲಿವೆ. ಅವುಗಳಲ್ಲಿ ಕೆಲವು ಅಚ್ಚಿನ ಪುಸ್ತಕಗಳಲ್ಲಿ ದೊರೆಯುತ್ತವೆ. ಕೆಲವು ಎಲ್ಲಿಯೂ ದೊರೆಯುವುದಿಲ್ಲ. ದೊರೆತವುಗಳ ಧಾಟಿಯಾದರೂ ಪುಸ್ತಕದಲ್ಲಿರುವುದಿಲ್ಲ. ಕಲಬುರಗಿಯಲ್ಲಿ ಓದಿ ಬಂದ ಮೊಮ್ಮಗನು ಕೂಡಿಟ್ಟ ಹಣದಿಂದ ಹಳೆಯ ಕೀಬೋರ್ಡೊಂದನ್ನು ಕೊಂಡುತಂದು, ಅಜ್ಜನ ಪದಗಳನ್ನೆಲ್ಲ ಮುದ್ರಿಸಬೇಕೆಂದು ಸಂಕಲ್ಪಿಸಿದ್ದಾನೆ. ಅಜ್ಜನ ಉಸಿರು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿರುವುದನ್ನು ಮನೆಯವರೆಲ್ಲ ಬಲ್ಲರು, ಬಾಯಿಬಿಟ್ಟು ಹೇಳುವವರಿಲ್ಲ. ಆದಕಾರಣ ಈ ಕೆಲಸವನ್ನು ಮುಂದಿನ ವರ್ಷಕ್ಕೆ ತಳ್ಳುವಂತಿಲ್ಲ.

ಹುಡುಗನು ಮಾಡಿದ ಜೋಡಣೆ ಹೀಗಿದೆ: ಕೀಬೋರ್ಡಿನಿಂದ ಮಿಕ್ಸರಿಗೆ ಒಂದು ಧ್ವನಿತಂತಿ, ಮಿಕ್ಸರಿನಿಂದ ಲ್ಯಾಪ್‌ಟಾಪಿಗೆ, ಮುದ್ರಣಕ್ಕಾಗಿ, ಇನ್ನೊಂದು ಧ್ವನಿತಂತಿ, ಕೀಬೋರ್ಡಿಗೂ ಲ್ಯಾಪ್‌ಟಾಪಿಗೂ ನಡುವೆ ಒಂದು ಯು.ಎಸ್.ಬಿ. ತಂತಿ. ಮಿಕ್ಸರು ಗೋಡೆಯ ಒಂದು ಸಾಕೆಟ್ಟಿನಲ್ಲಿಯೂ ಲ್ಯಾಪ್‌ಟಾಪಿನ ಚಾರ್ಜರು ಎದುರು ಗೋಡೆಯ ಇನ್ನೊಂದರಲ್ಲಿಯೂ ನೆಟ್ಟಿವೆ. ನೋಡುವವರಿಗೆ ಇದರಲ್ಲಿ ತಪ್ಪೇನೂ ತೋರದು. ಆದರೆ ಮೊದಲನೆಯ ಸಂಜೆಯೇ ಎರಡು ಪೀಡೆಗಳು ಒಟ್ಟಿಗೆ ಕಾಣಿಸಿಕೊಂಡುವು.

“ಮುತ್ಯಾ, ಬೆರಳು ಒಂದೇ ಇಟ್ಟೀನಿ, ಸ್ವರ ಎರಡು ಬರ್ಲತ್ತಾವ” ಎಂದು ಹುಡುಗನು ಕಂಗಾಲಾದನು.

“ಇರ್ಲಿ ಬಿಡೋ ತಮ್ಮಾ, ಡಬಲ್ ರೀಡಿನ ಪೇಟಿಯಂಗ ಛಲೋ ಕೇಳ್ತದ” ಎಂದು ಅಜ್ಜನು ಸಮಾಧಾನ ಹೇಳಿದನು.

ಆದರೆ ಸ್ವಲ್ಪ ಹೊತ್ತಿನಲ್ಲಿ ಬೆರಳೆತ್ತಿದ ಮೇಲೂ ಸ್ವರವೊಂದು ನಿಲ್ಲದೆ ಕೂಗುತ್ತ ಉಳಿಯಿತು. ಅದನ್ನಡಗಿಸಲು ಯಂತ್ರವನ್ನೇ ಆರಿಸಬೇಕಾಯಿತು. ಇದಲ್ಲದೆ ಯಾರೂ ಬಾರಿಸದಿರುವಾಗಲೂ ಸ್ಪೀಕರಿನಿಂದ ತುಂಬಿದ ಜೇನುಗೂಡಿನಂತೆ ಒಂದು ಗುಂಯ್‌ಕಾರವೂ ಅದರ ಮೇಲೆ ಸೂಜಿಯಂತೆ ಒಂದು ಕೀರಲು ಸದ್ದೂ ಹೊರಡುತ್ತಿದ್ದುವು. ಹುಡುಗನು ಲ್ಯಾಪ್‌ಟಾಪಿನ ತೆರೆಯ ಮೇಲಿನ ಬಾಣವನ್ನು ಸರಿಸಿದಾಗಲೆಲ್ಲ ಆ ಕೀರಲು ಬೇರೆ ಬೇರೆ ರಾಗ ತೆಗೆಯುತ್ತಿತ್ತು.

ಮೊದಲನೆಯ ಪೀಡೆಯನ್ನು ಮೊದಲು ವಿಚಾರಿಸೋಣ. ಮಿಡಿ ಎಂಬುದು ಸ್ವರಯಂತ್ರಗಳು ತಮ್ಮತಮ್ಮೊಳಗೆ ಮಾತನಾಡುವ ಭಾಷೆ. ಆ ತಂತಿಯಲ್ಲಿ ನಾದವು ಹರಿಯುವುದಿಲ್ಲ. ನಾದದ ವಾರ್ತೆ ಹರಿಯುತ್ತದೆ. ಯಾವ ಸ್ವರವನ್ನು ಒತ್ತಿದರು, ಎಷ್ಟು ಜೋರಾಗಿ ಒತ್ತಿದರು, ಯಾವಾಗ ಬಿಟ್ಟರು ಎಂಬಿಷ್ಟನ್ನೇ ಅದು ಅಂಕೆಗಳಲ್ಲಿ ಹೇಳುತ್ತದೆ. ನಡುವಣ ಷಡ್ಜಕ್ಕೆ, ಅಂದರೆ ಬಿಳಿ ಒಂದಕ್ಕೆ, ಆ ಭಾಷೆಯಲ್ಲಿ 60 ಎಂಬ ಅಂಕೆ. ಬೇರೆ ಬೇರೆ ಕಾರ್ಖಾನೆಗಳ ವಾದ್ಯಗಳು ಒಂದರ ಮಾತು ಇನ್ನೊಂದಕ್ಕೆ ತಿಳಿಯದೆ ಇದ್ದ ಕಾಲದಲ್ಲಿ, ಅಮೆರಿಕೆಯ ಡೇವ್ ಸ್ಮಿತ್ ಎಂಬಾತನು 1981ರಲ್ಲಿ ಇಂಥ ಸಾಮಾನ್ಯ ಭಾಷೆಯೊಂದನ್ನು ವಿದ್ವಾಂಸರ ಮುಂದೆ ಸೂಚಿಸಿದನು. ಜಪಾನಿನ ಇಕುತಾರೊ ಕಾಕೆಹಾಶಿ ಎಂಬಾತನೂ ಈ ಕಾರ್ಯಕ್ಕೆ ಹೆಗಲು ಕೊಟ್ಟನು. 1983ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮಿನಲ್ಲಿ ನಡೆದ ವಾದ್ಯಗಳ ಪ್ರದರ್ಶನದಲ್ಲಿ ಈ ಇಬ್ಬರ ಕಾರ್ಖಾನೆಗಳ ಎರಡು ವಾದ್ಯಗಳನ್ನು ಕೂಡಿಸಿ, ಒಂದನ್ನು ಬಾರಿಸಿದರೆ ಇನ್ನೊಂದು ನುಡಿಯುವುದನ್ನು ತೋರಿಸಿದರು. ಈ ಉಪಕಾರಕ್ಕಾಗಿ 2013ರಲ್ಲಿ ಇಬ್ಬರಿಗೂ ಗ್ರ್ಯಾಮಿ ಸಂಸ್ಥೆಯ ತಾಂತ್ರಿಕ ಪ್ರಶಸ್ತಿ ಸಂದಿತು.

ಹುಡುಗನ ಮನೆಯಲ್ಲಿ ನಡೆದುದೇನೆಂದರೆ, ಬೆರಳು ಒತ್ತಿದೊಡನೆಯೇ ಕೀಬೋರ್ಡು ತಾನೇ ಒಮ್ಮೆ ನುಡಿಯಿತು. ಆ ವಾರ್ತೆಯನ್ನು ಲ್ಯಾಪ್‌ಟಾಪಿಗೂ ಕಳುಹಿಸಿತು. ಲ್ಯಾಪ್‌ಟಾಪಿನೊಳಗಿನ ಮುದ್ರಣದ ಸಾಫ್ಟ್‌ವೇರು, ಬಂದ ವಾರ್ತೆಯನ್ನು ಹಾಗೆಯೇ ಹಿಂದಿರುಗಿಸುವ ಸ್ವಭಾವದ್ದಾದುದರಿಂದ, ಅದನ್ನು ಅದೇ ಕೀಬೋರ್ಡಿಗೆ ಮರಳಿಸಿತು. ಕೀಬೋರ್ಡು ಅದನ್ನು ಹೊಸ ಅಪ್ಪಣೆಯೆಂದೇ ಭಾವಿಸಿ ಎರಡನೆಯ ಸಲ ನುಡಿಯಿತು. ಎರಡು ಧ್ವನಿಗಳ ನಡುವೆ ಕೂದಲೆಳೆಯಷ್ಟು ಕಾಲದ ಅಂತರವಿದ್ದುದರಿಂದ ಡಬಲ್ ರೀಡಿನ ಭ್ರಮೆಯುಂಟಾಯಿತು. ಇದರಿಂದ ಇನ್ನೊಂದು ನಷ್ಟವೂ ಉಂಟು: ಒಮ್ಮೆಗೆ 64 ಸ್ವರಗಳನ್ನು ನುಡಿಯಬಲ್ಲ ವಾದ್ಯವು ಪ್ರತಿಯೊಂದನ್ನೂ ಎರಡೆರಡು ಸಲ ನುಡಿಯಬೇಕಾಗಿ 32ಕ್ಕೆ ಇಳಿಯುತ್ತದೆ.

ತರ್ಕಶಾಸ್ತ್ರವನ್ನೋದಿದವರಿಗೆ ಇದು ಹೊಸತಲ್ಲ. ಒಂದು ಇನ್ನೊಂದನ್ನೂ ಆ ಇನ್ನೊಂದು ಮೊದಲಿನದನ್ನೂ ಆಶ್ರಯಿಸಿದರೆ ಅನ್ಯೋನ್ಯಾಶ್ರಯ. ಮೂರು ಕೂಡಿ ಸುತ್ತಿದರೆ ಚಕ್ರಕ. ಕೊನೆಯೇ ಇಲ್ಲದೆ ಮುಂದುವರಿದರೆ ಅನವಸ್ಥೆ. ಕೀಬೋರ್ಡೂ ಲ್ಯಾಪ್‌ಟಾಪೂ ಮಾಡಿದ್ದು ಅನ್ಯೋನ್ಯಾಶ್ರಯ. ಮರಳಿ ಬಂದ ವಾರ್ತೆಯನ್ನು ಕೀಬೋರ್ಡೂ ಮತ್ತೆ ಹೊರಕ್ಕೆ ಕಳುಹಿಸುವಂತಿದ್ದರೆ ಅದೇ ಅನವಸ್ಥೆಯಾಗುತ್ತದೆ. ಮಿಡಿಯ ಮೂಲತಂತಿಯು ಸೆಕೆಂಡಿಗೆ 31,250 ಅಂಶಗಳನ್ನು ಸಾಗಿಸುತ್ತದೆ. ಒಂದು ಸ್ವರದ ವಾರ್ತೆಗೆ 30 ಅಂಶಗಳು ಬೇಕು. ಎಂದರೆ ಸೆಕೆಂಡಿಗೆ ಸುಮಾರು ಸಾವಿರ ವಾರ್ತೆಗಳು. ಒಂದೇ ವಾರ್ತೆ ಸುತ್ತತೊಡಗಿದರೆ ಆ ದಾರಿಯೆಲ್ಲ ತುಂಬಿ, ‘ಬೆರಳು ಎತ್ತಿತು’ ಎಂಬ ವಾರ್ತೆಗೆ ಎಡೆಯಿಲ್ಲದೆ ಅದು ಕಳೆದುಹೋಗುತ್ತದೆ. ಬೆರಳೆತ್ತಿದ ಮೇಲೂ ಕೂಗುವ ಸ್ವರದ ರಹಸ್ಯವಿದು.

ಇದಕ್ಕೆ ಚಿಕಿತ್ಸೆ ಸುಲಭ. ಚಕ್ರವನ್ನು ಒಂದೆಡೆ ಕಡಿದರೆ ಸಾಕು. ಸಾಫ್ಟ್‌ವೇರಿನಲ್ಲಿ ವಾರ್ತೆ ಹಿಂದಿರುಗಿಸುವ ಗುಣವನ್ನು, ಅದಕ್ಕೆ ಥ್ರೂ ಎಂದೋ ಎಕೋ ಎಂದೋ ಹೆಸರಿರುತ್ತದೆ, ನಿಲ್ಲಿಸಬಹುದು. ಇಲ್ಲವೆ ಕೀಬೋರ್ಡಿನಲ್ಲಿ ಲೋಕಲ್ ಎಂಬುದನ್ನು ಆಫ್ ಮಾಡಿ, ಬೆರಳಿಗೂ ಅದರ ಸ್ವಂತ ಧ್ವನಿಗೂ ಇರುವ ನೇರ ಸಂಬಂಧವನ್ನು ಬಿಡಿಸಬಹುದು. ಆಗ ವಾರ್ತೆಯು ಲ್ಯಾಪ್‌ಟಾಪಿಗೆ ಹೋಗಿ ಮರಳಿ ಬಂದಾಗ ಮಾತ್ರ ಸ್ವರವು ಒಂದೇ ಸಲ ನುಡಿಯುತ್ತದೆ. ಈ ಎರಡರಲ್ಲಿ ಒಂದನ್ನೇ ಮಾಡಬೇಕು. ಎರಡನ್ನೂ ಮಾಡಿದವನ ವಾದ್ಯವು ಮೂಕವಾಗುತ್ತದೆ. ಲೋಕಲ್ ಆಫ್ ಮಾಡಿದುದನ್ನು ಮರೆತು ಲ್ಯಾಪ್‌ಟಾಪಿಲ್ಲದೆ ಭಜನೆಗೆ ಒಯ್ದವನ ವಾದ್ಯವೂ ಗುಡಿಯಲ್ಲಿ ಮೂಕವಾಗಿ ಕುಳಿತುಕೊಳ್ಳಬಹುದು. ಹುಡುಗನು ಮೊದಲನೆಯ ಉಪಾಯವನ್ನು ಹಿಡಿದನು. ಡಬಲ್ ರೀಡಿನ ಸೊಗಸು ಹೋಯಿತೆಂದು ಅಜ್ಜನಿಗೆ ತುಸು ಬೇಸರವಾಯಿತೆಂಬುದನ್ನೂ ಹೇಳಬೇಕು.

ಎರಡನೆಯ ಪೀಡೆ ಇಷ್ಟು ಸಾಧುವಾದುದಲ್ಲ. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದುಮುಂದಾಗುತ್ತದೆ. ಅದರಿಂದ ಹುಟ್ಟುವ ಗುಂಯ್‌ಕಾರದಲ್ಲಿ 50 ಮತ್ತು 100 ಕಂಪನಗಳ ಸ್ವರಗಳು ಪ್ರಧಾನವಾಗಿರುತ್ತವೆ. ಬಿಳಿ ಒಂದರ ಷಡ್ಜದಲ್ಲಿ ಹಾಡುವವರಿಗೆ ಈ 100 ಕಂಪನಗಳು ಕೆಳಗಣ ಪಂಚಮದ ತೀರ ಸಮೀಪ. ಆದರೂ ನಿಜವಾದ ಪಂಚಮವು 98ರ ಬಳಿ ಇರುವುದರಿಂದ ಸದ್ದು ಅದಕ್ಕಿಂತ ಸ್ವಲ್ಪ ಏರಿ ನಿಲ್ಲುತ್ತದೆ. ತಂಬೂರಿಯ ತಂತಿ ಇಳಿದಿದೆಯೋ ಏರಿದೆಯೋ ಎಂದು ಕಣ್ಣುಮುಚ್ಚಿ ಹೇಳಬಲ್ಲ ಕಿವಿಗೆ ಇದು ಹಲ್ಲಿನ ನಡುವೆ ಸಿಕ್ಕಿದ ನಾರಿನಂತೆ ಕಾಡುತ್ತದೆ. “ನನ್ನ ಪಂಚಮ ಯಾರೋ ಎಳ್ಯಾಕತ್ತಾರ” ಎಂದು ಅಜ್ಜನು ಹಾಡು ನಿಲ್ಲಿಸಿದನು.

ಸೂಜಿಯಂಥ ಕೀರಲಿಗೆ ಮೂಲ ಬೇರೆ. ಯು.ಎಸ್.ಬಿ. ತಂತಿಯಲ್ಲಿ ಲ್ಯಾಪ್‌ಟಾಪು ಸೆಕೆಂಡಿಗೆ 1,000 ಸಲ, ವೇಗದ ಪದ್ಧತಿಯಲ್ಲಿ 8,000 ಸಲ, ತಾಳ ಹಾಕುತ್ತ ಸಂಭಾಷಿಸುತ್ತದೆ. ಇವೆರಡೂ ಮನುಷ್ಯನ ಕಿವಿಗೆ ಕೇಳುವ ಸ್ವರಗಳೇ. ಲ್ಯಾಪ್‌ಟಾಪಿನ ಒಳಗಿನ ಇತರ ಚಟುವಟಿಕೆಗಳ ಕಲರವವೂ ಇದರೊಡನೆ ಸೇರಿಕೊಳ್ಳುತ್ತದೆ. ತೆರೆಯ ಮೇಲಣ ಬಾಣ ಸರಿದಾಗ ಸದ್ದು ಬದಲಾದುದು ಇದರಿಂದ. ಆದರೆ ಲ್ಯಾಪ್‌ಟಾಪಿನೊಳಗಿನ ಗದ್ದಲವು ಸ್ಪೀಕರಿಗೆ ಬಂದುದು ಹೇಗೆ? ಕೀಬೋರ್ಡಿನಿಂದ ಮಿಕ್ಸರಿಗೆ, ಮಿಕ್ಸರಿನಿಂದ ಲ್ಯಾಪ್‌ಟಾಪಿಗೆ, ಲ್ಯಾಪ್‌ಟಾಪಿನಿಂದ ಯು.ಎಸ್.ಬಿ.ಯ ಮೂಲಕ ಮತ್ತೆ ಕೀಬೋರ್ಡಿಗೆ ತಾಮ್ರದ ಒಂದು ಉಂಗುರವು ಏರ್ಪಟ್ಟಿದೆ. ಇದು ಮೂರು ಅಂಗಗಳ ನಿಜವಾದ ಚಕ್ರಕ. ಮಿಕ್ಸರೂ ಚಾರ್ಜರೂ ಬೇರೆ ಬೇರೆ ಸಾಕೆಟ್ಟುಗಳ ಮೂಲಕ ನೆಲವನ್ನು ಮುಟ್ಟಿರುವುದರಿಂದ ಗೋಡೆಯೊಳಗೂ ಇನ್ನೊಂದು ಉಂಗುರವುಂಟು. ಎರಡು ಕಡೆಯ ನೆಲದ ವಿದ್ಯುನ್ಮಟ್ಟದಲ್ಲಿ ಅಲ್ಪ ಭೇದವಿದ್ದರೂ ಆ ಉಂಗುರಗಳಲ್ಲಿ ಪ್ರವಾಹವು ಸುತ್ತಿ, ಧ್ವನಿತಂತಿಯ ಕವಚದ ಮೇಲೆ ಹರಿದು, ಗಾಯಕನ ಸ್ವರದೊಡನೆ ಬೆರೆಯುತ್ತದೆ.

ಇಂಥ ಕಡೆ ಮೂಲವನ್ನು ಹುಡುಕಲು ಹಿರಿಯರು ಹೇಳಿದ ಅನ್ವಯವ್ಯತಿರೇಕಕ್ಕಿಂತ ಉತ್ತಮವಾದ ಮಾರ್ಗವಿಲ್ಲ. ಯಾವುದು ಇದ್ದರೆ ದೋಷವಿರುವುದೋ, ಯಾವುದು ಇಲ್ಲದಿದ್ದರೆ ದೋಷವಿಲ್ಲವೋ, ಅದೇ ಕಾರಣ. ಹುಡುಗನು ಯು.ಎಸ್.ಬಿ. ತಂತಿಯನ್ನು ಕಿತ್ತನು, ಕೀರಲು ನಿಂತಿತು. ಮತ್ತೆ ಚುಚ್ಚಿದನು, ಕೀರಲು ಬಂದಿತು. ಅನಂತರ ಚಾರ್ಜರನ್ನು ಕಿತ್ತು ಲ್ಯಾಪ್‌ಟಾಪನ್ನು ಅದರ ಬ್ಯಾಟರಿಯ ಮೇಲೆಯೇ ನಡೆಸಿದನು. ಗುಂಯ್‌ಕಾರವು ಬಹುಪಾಲು ಇಳಿಯಿತು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬುದು ಇಲ್ಲಿನ ಮುಖ್ಯ ನಿಯಮ. ಅವಸರದಲ್ಲಿ ನಾಲ್ಕು ತಂತಿಗಳನ್ನು ಒಟ್ಟಿಗೆ ಕಿತ್ತು ಒಟ್ಟಿಗೆ ಚುಚ್ಚಿದವನಿಗೆ ಸದ್ದು ಹೋದರೂ ಜ್ಞಾನವು ಬರುವುದಿಲ್ಲ. ಮರುದಿನ ಸದ್ದು ತಿರುಗಿ ಬಂದಾಗ ಆತನು ಮೊದಲಿನಷ್ಟೇ ನಿರುಪಾಯನಾಗಿರುತ್ತಾನೆ.

ಇಷ್ಟರಲ್ಲಿ ನೆರೆಯವನೊಬ್ಬನು ಬಂದನು. ವಿದ್ಯುತ್ತಿನ ಕೆಲಸವನ್ನು ಅಲ್ಪಸ್ವಲ್ಪ ಬಲ್ಲವನು. “ಕಾಕಾ, ಆ ಮಿಕ್ಸರಿನ ಪ್ಲಗ್ಗಿಂದು ಮೂರನೇ ಪಿನ್ನು ಮುರದು ಹಾಕ್ರಿ, ಸದ್ದು ಗಪ್ ಆಗ್ತದ” ಎಂದು ಹೇಳಿದನು. ಆತನ ಮಾತು ಸುಳ್ಳಲ್ಲ. ನೆಲದ ಸಂಬಂಧ ಕಡಿದರೆ ಗೋಡೆಯೊಳಗಿನ ಉಂಗುರವೂ ಕಡಿಯುತ್ತದೆ, ಗುಂಯ್‌ಕಾರವೂ ಅಡಗುತ್ತದೆ. ಈ ಉಪದೇಶದ ಅಪಾಯವಿರುವುದೇ ಅದು ಫಲಿಸುವುದರಲ್ಲಿ. ಅಜ್ಜನು ಆ ಪ್ಲಗ್ಗನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, “ಮತ್ತ ಇದನ್ನ ಉಳದವರಕ್ಕಿಂತ ದಪ್ಪ, ಉದ್ದ ಮಾಡಿ ಯಾತಕ್ಕಿಟ್ಟಾರೋ?” ಎಂದು ಕೇಳಿದನು. ಉತ್ತರ ಹೇಳುವವರಿರಲಿಲ್ಲ.

ಉತ್ತರವಾದರೂ ಇಷ್ಟೆ. ಪ್ಲಗ್ಗನ್ನು ಚುಚ್ಚುವಾಗ ಎಲ್ಲಕ್ಕಿಂತ ಮೊದಲು ನೆಲದ ಸಂಬಂಧವಾಗಲಿ, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಅದು ಬಿಡಲಿ ಎಂದು ಆ ಪಿನ್ನನ್ನು ಉದ್ದವಾಗಿ ಮಾಡಿರುತ್ತಾರೆ. ಯಂತ್ರದೊಳಗೆ ಎಂದಾದರೊಂದು ದಿನ ತಂತಿಯ ಹೊದಿಕೆ ಸವೆದು 230 ವೋಲ್ಟಿನ ಪ್ರವಾಹವು ಲೋಹದ ಮೈಗೆ ತಾಗಿದರೆ, ಅದು ಈ ದಾರಿಯಿಂದ ನೆಲಕ್ಕೆ ಇಳಿದು ಫ್ಯೂಸನ್ನು ಹಾರಿಸುತ್ತದೆ. ಪಿನ್ನು ಮುರಿದಿದ್ದರೆ ಪ್ರವಾಹವು ಅಲ್ಲಿಯೇ ಕಾದು ಕುಳಿತಿರುತ್ತದೆ. ಮಿಕ್ಸರಿನ ಮೈಗೂ ಮೈಕಿನ ಲೋಹದ ಜಾಲರಿಗೂ ತಂತಿಯ ಕವಚದ ಮೂಲಕ ಸಂಬಂಧವುಂಟೆಂಬುದನ್ನು ನೆನೆಯಬೇಕು. ಬರಿಗಾಲಲ್ಲಿ ನೆಲದ ಮೇಲೆ ಕುಳಿತು, ತುಟಿಯನ್ನು ಮೈಕಿಗೆ ತಾಗಿಸಿ ಹಾಡುವ ಮುದುಕನೇ ಆಗ ನೆಲಕ್ಕಿಳಿಯುವ ದಾರಿಯಾಗುತ್ತಾನೆ. ಯಾರ ಕಂಠವನ್ನುಳಿಸಲೆಂದು ಇಷ್ಟೆಲ್ಲ ಯಂತ್ರಗಳನ್ನು ಹೂಡಿತೋ ಆ ಕಂಠಕ್ಕೇ ಮೊದಲ ಅಪಾಯ.

ಹಾಗಾದರೆ ಉಂಗುರವನ್ನು ಎಲ್ಲಿ ಕಡಿಯಬೇಕು? ಮಿಡಿಯನ್ನು ರಚಿಸಿದವರು ಇದನ್ನು 1983ರಲ್ಲಿಯೇ ಯೋಚಿಸಿದ್ದರೆಂಬುದು ಸಂತೋಷದ ಸಂಗತಿ. ಐದು ಪಿನ್ನುಗಳ ಆ ಹಳೆಯ ಮಿಡಿ ತಂತಿಯು ಬಂದು ಸೇರುವಲ್ಲಿ, ಯಂತ್ರದೊಳಗೆ, ಒಂದು ಕಿರಿಯ ಕರಿಯ ಡಬ್ಬಿಯಿರುತ್ತದೆ. ಅದರ ಒಂದು ಬದಿಗೆ ಸಣ್ಣ ದೀಪ, ಇನ್ನೊಂದು ಬದಿಗೆ ಬೆಳಕನ್ನು ಗುರುತಿಸುವ ಕಣ್ಣು. ವಾರ್ತೆ ಬಂದಾಗ ದೀಪವು ಮಿಣುಕುತ್ತದೆ, ಕಣ್ಣು ಅದನ್ನೋದಿಕೊಳ್ಳುತ್ತದೆ. ನಡುವೆ ತಾಮ್ರದ ಎಳೆಯೇ ಇಲ್ಲ. ತಂತಿಯ ಕವಚವನ್ನೂ ಕಳುಹಿಸುವ ತುದಿಯಲ್ಲಿ ಮಾತ್ರ ನೆಲಕ್ಕೆ ಸೇರಿಸಿ, ತೆಗೆದುಕೊಳ್ಳುವ ತುದಿಯಲ್ಲಿ ಬಿಟ್ಟಿರುತ್ತಾರೆ. ಹೀಗೆ ಮಾತು ದಾಟುತ್ತದೆ, ಪ್ರವಾಹ ದಾಟುವುದಿಲ್ಲ. 1996ರಲ್ಲಿ ಹುಟ್ಟಿದ ಯು.ಎಸ್.ಬಿ.ಯಾದರೋ ಸಂಗೀತಕ್ಕಾಗಿ ಹುಟ್ಟಿದುದಲ್ಲ. ಮಿಡಿಯ ವಾರ್ತೆಯನ್ನು ಅದರಲ್ಲಿ ಸಾಗಿಸುವ ಪದ್ಧತಿ 1999ರಲ್ಲಿ ಏರ್ಪಟ್ಟಿತು. ಅದರಿಂದ ತಂತಿ ಒಂದೇ ಸಾಕಾಯಿತು, ಅನುಕೂಲವಾಯಿತು. ಆದರೆ ಅದರಲ್ಲಿ ನೆಲದ ಎಳೆಯೂ ಜೊತೆಗಿರುವುದರಿಂದ ಹಿಂದಿನವರು ಬೆಳಕಿನಿಂದ ಕಡಿದಿದ್ದ ಉಂಗುರವು ಮತ್ತೆ ಕೂಡಿಕೊಂಡಿತು.

ಹುಡುಗನ ಕೀಬೋರ್ಡು ಹಳೆಯದಾದುದರಿಂದ ಅದರ ಬೆನ್ನಿನಲ್ಲಿ ಐದು ಪಿನ್ನುಗಳ ಕಂಡಿಗಳು ಇದ್ದುವು. ಧೂಳು ತುಂಬಿದ್ದುದರಿಂದ ಯಾರೂ ಅವನ್ನು ಗಮನಿಸಿರಲಿಲ್ಲ. ಮಿಡಿಯನ್ನು ಲ್ಯಾಪ್‌ಟಾಪಿಗೆ ಒಪ್ಪುವಂತೆ ಮಾಡುವ ಸಣ್ಣ ಮಧ್ಯವರ್ತಿ ಯಂತ್ರವೊಂದನ್ನು ತರಿಸಿ, ಕೀಬೋರ್ಡಿಗೆ ಹಳೆಯ ತಂತಿಯನ್ನೇ ಹಾಕಿದಾಗ ಕೀರಲು ಹೋಯಿತು. ಮಿಕ್ಸರನ್ನೂ ಚಾರ್ಜರನ್ನೂ ಒಂದೇ ಬೋರ್ಡಿನಲ್ಲಿ, ಮೂರು ಪಿನ್ನುಗಳೊಡನೆ, ನೆಟ್ಟಾಗ ಗುಂಯ್‌ಕಾರವು ಕಿವಿಗೆ ಬೀಳದಷ್ಟಾಯಿತು. ಹೊಸ ವಾದ್ಯಗಳಲ್ಲಿ ಕೆಲವಕ್ಕೆ ಹಳೆಯ ಕಂಡಿಯಿರುವುದಿಲ್ಲ. ಅಂಥವರು ಯು.ಎಸ್.ಬಿ. ಐಸೊಲೇಟರೆಂಬ ಉಪಕರಣವನ್ನು ನಡುವೆ ಇಡಬಹುದು; ಅದರ ಅಗ್ಗದ ಬಗೆಯು ನಿಧಾನವಾದರೂ ಮಿಡಿಯ ವಾರ್ತೆಗೆ ಧಾರಾಳವಾಗಿ ಸಾಕು. ಮಿಕ್ಸರಿಗೂ ಲ್ಯಾಪ್‌ಟಾಪಿಗೂ ನಡುವಣ ಧ್ವನಿತಂತಿಯಲ್ಲಿ ಸಣ್ಣ ಟ್ರಾನ್ಸ್‌ಫಾರ್ಮರನ್ನಿಟ್ಟು ಅಲ್ಲಿಯೂ ಉಂಗುರವನ್ನು ಕಡಿಯಬಹುದು. ಇವೆಲ್ಲವೂ ಕಡಿಯುವುದು ಧ್ವನಿಯ ದಾರಿಯಲ್ಲಿ. ಪ್ರಾಣರಕ್ಷಣೆಯ ದಾರಿಯನ್ನು ಇವು ಮುಟ್ಟುವುದಿಲ್ಲ. ವಿವೇಕವಿರುವುದು ಈ ಭೇದವನ್ನರಿಯುವುದರಲ್ಲಿ.

ಈ ಸೀಮೆಯವರು ಇನ್ನೊಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಮೂರನೆಯ ಪಿನ್ನಿಗೆ ಗೋಡೆಯಲ್ಲಿ ರಂಧ್ರವಿದ್ದ ಮಾತ್ರಕ್ಕೆ ಅದರ ಹಿಂದೆ ನೆಲದ ಸಂಬಂಧವಿದೆಯೆಂದು ತಿಳಿಯಬಾರದು. ಹಳೆಯ ಮನೆಗಳಲ್ಲಿ ಕೆಲವೆಡೆ ರಂಧ್ರ ಮಾತ್ರವಿದ್ದು ತಂತಿಯೇ ಇರುವುದಿಲ್ಲ. ಲ್ಯಾಪ್‌ಟಾಪಿನ ಲೋಹದ ಮೈಯನ್ನು ಮುಟ್ಟಿದಾಗ ಜುಮ್ಮೆನ್ನುವುದು ಅದರ ಒಂದು ಸೂಚನೆ. ಭೂಸಂಪರ್ಕದ ಕುಣಿಯಿದ್ದ ಮನೆಯಲ್ಲಿಯೂ ಬೇಸಿಗೆಯ ವಿಚಾರ ಬೇರೆ. ಎರೆಭೂಮಿಯು ಮಳೆಗಾಲದಲ್ಲಿ ತೇವವನ್ನು ಹೀರಿ ವಿದ್ಯುತ್ತನ್ನು ಚೆನ್ನಾಗಿ ಒಯ್ಯುತ್ತದೆ. ಚೈತ್ರ ವೈಶಾಖಗಳಲ್ಲಿ ಒಣಗಿ, ಕುಗ್ಗಿ, ಬಾಯಿಬಿಟ್ಟು, ಹೂತ ಕೊಳವೆಯ ಮೈಯನ್ನು ಬಿಟ್ಟು ನಿಲ್ಲುತ್ತದೆ. ತೊಗರಿಯ ಹೊಲದಲ್ಲಿ ಬಿರುಕು ಕಂಡ ರೈತನಿಗೆ ಇದನ್ನು ವಿವರಿಸಬೇಕಾದುದಿಲ್ಲ. ಇದ್ದಿಲು ಉಪ್ಪುಗಳನ್ನು ತುಂಬಿದ ಆ ಕುಣಿಗೆ ಬೇಸಿಗೆಯಲ್ಲಿ ಆಗಾಗ ಕೊಡ ನೀರು ಹೊಯ್ಯುವುದು ತುಳಸಿಗೆ ನೀರೆರೆದಷ್ಟೇ ಅವಶ್ಯ. ಬಲ್ಲ ಕೆಲಸಗಾರನಿಂದ ಭೂಸಂಪರ್ಕವನ್ನು ಅಳೆಯಿಸಿ, 30 ಮಿಲಿಆಂಪಿಯರಿನ ಸೋರಿಕೆಗೇ ಪ್ರವಾಹವನ್ನು ಕಡಿಯುವ ರಕ್ಷಕ ಸ್ವಿಚ್ಚನ್ನು ಕೂಡಿಸಿಕೊಂಡರೆ ಮನೆಯವರೆಲ್ಲರಿಗೂ ಕ್ಷೇಮ.

ಇಷ್ಟು ಸಿದ್ಧತೆಯಾದ ಮೇಲೂ ಮುದ್ರಣದಲ್ಲಿ ನಿಶ್ಶಬ್ದವೇನೂ ದೊರೆಯುವುದಿಲ್ಲ. ತೊಲೆಯ ಮೇಲಣ ಗುಬ್ಬಿ, ಅಂಗಳದ ಕರು, ಪದದ ನಡುವೆ ಹಾಡುವವನು ಎಳೆದುಕೊಳ್ಳುವ ಉಸಿರು, ಇವೆಲ್ಲ ಕೇಳಿಸುತ್ತವೆ, ಕೇಳಿಸಲಿ. ಇವುಗಳನ್ನು ಮೊಮ್ಮಕ್ಕಳ ಮೊಮ್ಮಕ್ಕಳು ಬೇಡವೆನ್ನಲಾರರು. ತತ್ತ್ವಪದವೋ ದತ್ತನ ಭಜನೆಯೋ ಮೊಹರಮ್ಮಿನ ಪದವೋ ಬಲ್ಲ ಹಿರಿಯರು ಯಾವ ಮನೆಯಲ್ಲಿರುವರೋ ಆ ಮನೆಯವರು ಯಂತ್ರಗಳೆಲ್ಲ ಸರಿಹೋಗಲೆಂದು ವರ್ಷಗಟ್ಟಲೆ ಕಾಯಬಾರದು. ಲ್ಯಾಪ್‌ಟಾಪಿನ ಚಾರ್ಜರನ್ನೂ ಯು.ಎಸ್.ಬಿ. ತಂತಿಯನ್ನೂ ಕಿತ್ತು, ಕೀಬೋರ್ಡನ್ನು ಬದಿಗಿಟ್ಟು, ಬರಿಯ ಏಕತಾರಿಯೊಡನೆಯಾದರೂ ಒಂದು ಸಂಜೆ ಅವರನ್ನು ಕೂರಿಸಿ ಹಾಡಿಸಿಕೊಳ್ಳುವುದು ಲೇಸು. ಉಳಿದ ದುರಸ್ತಿಯನ್ನು ಮರುದಿನ ಮಾಡಬಹುದು.